ಡಬ್ಬಿ ಖಾಲಿಯಾಗುವ ತನಕ ಹಬ್ಬ ಮುಗಿಯುವುದಿಲ್ಲ

ದೀಪಾವಳಿಗೆ ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ, ಬೇಸನ್ ಉಂಡಿ. ಅದರ ಬೆನ್ನಿಗೆ ತುಳಸಿ ಲಗ್ನ, ತುಳಸಿ ಲಗ್ನದ ಬೆನ್ನಿಗೆ ಮನುಷ್ಯರ ಲಗ್ನಗಳು. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಎಳ್ಳ ಅಮಾವಾಸ್ಯೆ: ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬಂಧು-ಬಳಗ ಕೂಡಿ ಭಜ್ಜಿ (ಕಾಳು, ಸೊಪ್ಪು, ಕಾಯಿಪಲ್ಯ ಕೂಡಿಸಿ ಬೇಯಿಸಿದ್ದು), ಕಡಬು, ಹೋಳಿಗೆ ಉಂಡು ಬರುವ ಹಬ್ಬ. ಆಮೇಲೆ ಸಂಕ್ರಾಂತಿಗೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕುಸುರೆಳ್ಳು. ಕಲಬುರಗಿ ಕಡೆ ಈ ಮೂರು ತಿಂಗಳು ಒಲೆಯ ಮೇಲಿನ ಕಡಾಯಿ ತಣ್ಣಗಾಗುವುದೇ ಅಪರೂಪ.

ಜನವರಿ ಮುಗಿಯುವ ಹೊತ್ತಿಗೆ ತೂಕದ ಮಷೀನ್ ಹತ್ತಿದವರಿಗೆ ಎರಡು-ಮೂರು ಕಿಲೋ ಹೆಚ್ಚು ಕಾಣುತ್ತದೆ. ಗಾಬರಿಯಾಗಿ ಮರುದಿನದಿಂದಲೇ ಅನ್ನ ಬಂದ್, ಚಹಾ ಬಂದ್, ಜಿಮ್ ಶುರು. ಹದಿನೈದು ದಿನದಲ್ಲಿ ಮೊಣಕಾಲು ನೋವು, ಮಲಬದ್ಧತೆ, ಸಿಡಿಮಿಡಿ. ಆಮೇಲೆ ಎಲ್ಲವೂ ಮೊದಲಿನಂತೆ. ಇಂಥವರ ಮನಸ್ಸು ಗಟ್ಟಿಯಿಲ್ಲ ಅನ್ನುವುದು ಸುಲಭ. ಹೆಚ್ಚಿನ ಸಲ ತಪ್ಪಿರುವುದು ಹಿಡಿದ ಕ್ರಮದಲ್ಲಿ. ಮೊದಲು ಮಾಡಬೇಕಾದದ್ದನ್ನು ಕೊನೆಗೆ, ಕೊನೆಗೆ ಮಾಡಬೇಕಾದದ್ದನ್ನು ಮೊದಲು ಮಾಡಿರುತ್ತಾರೆ.

ಮಷೀನ್ ತೋರಿಸುವ ಮೂರು ಕಿಲೋ ಏನು?

ಮೊದಲು ಈ ಲೆಕ್ಕ ತಿಳಿಯಾಗಲಿ. ಒಂದು ಕಿಲೋ ಕೊಬ್ಬು ಮೈಯಲ್ಲಿ ಕೂಡಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿಂದಿರಬೇಕು. ಒಂದು ಹೂರಣದ ಹೋಳಿಗೆಯನ್ನು ಬಿಚ್ಚಿ ನೋಡಿದರೆ, 25 ಗ್ರಾಂ ಕಡಲೆಬೇಳೆ, 25 ಗ್ರಾಂ ಬೆಲ್ಲ, 20 ಗ್ರಾಂ ಮೈದಾ, ಮೇಲೆ ಬಿಟ್ಟ ತುಪ್ಪ-ಎಣ್ಣೆ ಒಂದೂವರೆ ಚಮಚ. ಕೂಡಿಸಿದರೆ 300 ಕ್ಯಾಲೊರಿಯ ಆಚೀಚೆ. ನಾಲ್ಕು ದಿನದ ಹಬ್ಬದಲ್ಲಿ ಎರಡು ಕಿಲೋ ಕೊಬ್ಬು ಬರಬೇಕಾದರೆ ದಿನದ ಊಟದ ಮೇಲೆ ಹೆಚ್ಚುವರಿಯಾಗಿ ಐವತ್ತು ಹೋಳಿಗೆ ತಿನ್ನಬೇಕು. ಯಾರೂ ತಿಂದಿರುವುದಿಲ್ಲ.

ಹಾಗಾದರೆ ಆ ತೂಕ ಎಲ್ಲಿಯದು? ಬಹುಪಾಲು ನೀರು. ನಾವು ತಿಂದ ಸಿಹಿ, ಅನ್ನ, ಹಿಟ್ಟಿನ ಒಂದು ಪಾಲು ಗ್ಲೈಕೊಜೆನ್ ಎಂಬ ರೂಪದಲ್ಲಿ ಪಿತ್ತಜನಕಾಂಗದಲ್ಲೂ ಸ್ನಾಯುಗಳಲ್ಲೂ ಕೂಡಿಟ್ಟುಕೊಳ್ಳುತ್ತದೆ. ದೊಡ್ಡವರ ಮೈಯಲ್ಲಿ ಇದು ಸುಮಾರು ಅರ್ಧ ಕಿಲೋ ತನಕ ಹಿಡಿಯುತ್ತದೆ. ಪ್ರತಿ ಗ್ರಾಂ ಗ್ಲೈಕೊಜೆನ್ ತನ್ನ ಜೊತೆ ಮೂರು ಗ್ರಾಂನಷ್ಟು ನೀರನ್ನೂ ಹಿಡಿದಿಡುತ್ತದೆ. ಅದರ ಮೇಲೆ ಚಕ್ಕಲಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಉಪ್ಪು. ಅದೂ ನೀರನ್ನೇ ಹಿಡಿಯುತ್ತದೆ. ಕರುಳಲ್ಲಿ ಇನ್ನೂ ಮುಂದೆ ಸಾಗದ ಆಹಾರದ ಭಾರ ಬೇರೆ. ಊಟ ಮಾಮೂಲಿಗೆ ಬಂದರೆ ಇಷ್ಟೆಲ್ಲ ಒಂದು ವಾರ, ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಬಿಸಿನೀರು-ಜೇನು ಕುಡಿದು "ಎರಡೇ ದಿನದಾಗ ಒಂದೂವರೆ ಕಿಲೋ ಇಳಿಸಿನ್ರೀ" ಅನ್ನುವವರು ಇಳಿಸಿದ್ದು ಈ ನೀರನ್ನೇ. ಜೇನಿಲ್ಲದಿದ್ದರೂ ಇಳಿಯುತ್ತಿತ್ತು.

ನಿಜವಾದ ಕೊಬ್ಬು ಬರುವ ದಾರಿ ಬೇರೆ, ಅದು ಡಬ್ಬಿಯದು. ನಿಂಬೆಹಣ್ಣಿನ ಗಾತ್ರದ, 40 ಗ್ರಾಂ ತೂಗುವ ಒಂದು ಬೇಸನ್ ಉಂಡಿಯಲ್ಲಿ 200 ಕ್ಯಾಲೊರಿ ಇರುತ್ತದೆ. ಅದರಲ್ಲಿ ಅರ್ಧದಷ್ಟು ತುಪ್ಪದ್ದೇ. ಹಬ್ಬ ಮುಗಿದ ಮೇಲೆ ಬೆಳಗಿನ ಚಹಾ ಜೊತೆ ಒಂದು, ಸಂಜೆ ಚಹಾ ಜೊತೆ ಒಂದು. ಇಪ್ಪತ್ತು ದಿನಕ್ಕೆ 8,000 ಕ್ಯಾಲೊರಿ, ಅಂದರೆ ಒಂದು ಕಿಲೋ ಚಿಲ್ಲರೆ ಕೊಬ್ಬು. ಹಬ್ಬದ ದಿನ ತಿಂದ ನಾಲ್ಕು ಹೋಳಿಗೆಯ ಬಗ್ಗೆ ಎಲ್ಲರಿಗೂ ಅಳುಕು. ಹಬ್ಬವಾದ ಮೇಲೆ ಇಪ್ಪತ್ತು ದಿನ ಡಬ್ಬಿಯಿಂದ ತೆಗೆದದ್ದು ಯಾರ ಲೆಕ್ಕದಲ್ಲೂ ಇರುವುದಿಲ್ಲ. "ಒಂದ್ ಉಂಡಿ ತಿಂದ್ರ ಏನಾತದ್ರೀ" ಅನ್ನುವ ಮಾತು ಹಬ್ಬದ ದಿನಕ್ಕೆ ಪೂರ್ತಿ ಸರಿ, ಆಮೇಲಿನ ಇಪ್ಪತ್ತು ದಿನಕ್ಕೆ ಸರಿಯಲ್ಲ.

ಆದ್ದರಿಂದ ಹಬ್ಬ ಮುಗಿದು ಹತ್ತು ದಿನ ತೂಕ ನೋಡುವುದೇ ಬೇಡ. ಹನ್ನೊಂದನೆಯ ದಿನದಿಂದ ವಾರಕ್ಕೆ ಮೂರು ಸಲ, ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ ಕುಡಿಯದೆ ನೋಡಿ, ಮೂರರ ಸರಾಸರಿ ತೆಗೆಯಬೇಕು. ದಿನದಿಂದ ದಿನಕ್ಕೆ ಒಂದು ಕಿಲೋ ಹೆಚ್ಚು-ಕಡಿಮೆ ಆಗುವುದು ಸಹಜ. ಟೇಪು ಇನ್ನೂ ನಂಬಿಕೆಗೆ ಯೋಗ್ಯ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲ್ತುದಿಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಅಳೆಯಬೇಕು. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಅಪಾಯ ಏರತೊಡಗುತ್ತದೆ. ಧೋತರ, ಲುಂಗಿ, ಸೀರೆ ಉಡುವವರಿಗೆ ಹೊಟ್ಟೆ ಬೆಳೆದದ್ದು ತಡವಾಗಿ ಗೊತ್ತಾಗುತ್ತದೆ. ಪ್ಯಾಂಟಿನ ಗುಂಡಿಯಂತೆ ಅವು ದೂರು ಹೇಳುವುದಿಲ್ಲ.

ಮೊದಲ ವಾರ: ಡಬ್ಬಿ ಮತ್ತು ಗಡಿಯಾರ

ಮೊದಲ ವಾರ ಊಟ ಕಡಿಮೆ ಮಾಡುವ ಕೆಲಸ ಬೇಡ, ವ್ಯಾಯಾಮವೂ ಬೇಡ. ಎರಡೇ ಕೆಲಸ.

ಉಳಿದ ತಿಂಡಿಯನ್ನೆಲ್ಲ ಒಂದು ದಿನ ಹೊರಗೆ ತೆಗೆದು ಇಡಬೇಕು. ಮನೆಯ ಪ್ರತಿಯೊಬ್ಬರಿಗೂ ಮೂರು ದಿನಕ್ಕೆ ದಿನಕ್ಕೊಂದರಂತೆ ಎಣಿಸಿ ಬೇರೆ ಮಾಡಿ, ಉಳಿದದ್ದನ್ನು ಅವತ್ತೇ ಕೊಟ್ಟುಬಿಡಬೇಕು: ಮನೆಗೆಲಸದವರಿಗೆ, ಓಣಿಯ ಮಕ್ಕಳಿಗೆ, ಹಾಸ್ಟೆಲ್‌ನಲ್ಲಿರುವ ಅಣ್ಣನ ಮಗನಿಗೆ. ಕೊಡಲು ಮನಸ್ಸಾಗದ್ದು ಸ್ಟೀಲಿನ ಡಬ್ಬಿಯಲ್ಲಿ ಅಟ್ಟ ಸೇರಲಿ. ಪಾರದರ್ಶಕ ಬರಣಿಯಲ್ಲಿ, ಚಹಾ ಪುಡಿಯ ಪಕ್ಕದಲ್ಲಿ ಇಟ್ಟರೆ ಕೈ ತಾನಾಗಿ ಹೋಗುತ್ತದೆ. ಕಣ್ಣಿಗೆ ಕಾಣುವ ತಿಂಡಿ, ಸ್ಟೂಲು ಹಾಕಿ ಇಳಿಸಬೇಕಾದ ತಿಂಡಿಗಿಂತ ಬೇಗ ಖಾಲಿಯಾಗುತ್ತದೆ ಅನ್ನುವುದು ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು. ದೊಡ್ಡವರಿಗೂ ಅದೇ ನಿಯಮ.

ಡಬ್ಬಿಯ ಜೊತೆಗೇ ಇನ್ನೊಂದು ಪಾತ್ರೆ ಇರುತ್ತದೆ, ಅದನ್ನು ಯಾರೂ ನೆನೆಯುವುದಿಲ್ಲ: ಕರಿದು ಉಳಿದ ಎಣ್ಣೆಯದು. ಚೆಲ್ಲಲು ಮನಸ್ಸು ಬಾರದೆ ಅದರಲ್ಲೇ ತಿಂಗಳಿಡೀ ಪಲ್ಯ, ಮೇಲೊಮ್ಮೆ ಮಿರ್ಚಿ ಭಜಿ. ಎಣ್ಣೆ ಮತ್ತೆ ಮತ್ತೆ ಕಾದಷ್ಟೂ ಒಡೆದು, ಪೋಲಾರ್ ಸಂಯುಕ್ತಗಳು ಎಂಬ ಹಾಳು ಅಂಶ ಹೆಚ್ಚುತ್ತದೆ. ಅದು 25 ಶೇಕಡಾ ದಾಟಿದ ಎಣ್ಣೆಯನ್ನು ಬಳಸಬಾರದೆಂದು ಹೋಟೆಲು, ಬೇಕರಿಗಳಿಗೆ 2018ರ ಜುಲೈನಿಂದ ನಿಯಮವಿದೆ. ಮನೆಯಲ್ಲಿ ಅಳೆಯುವ ಮಷೀನ್ ಇಲ್ಲ, ಆದರೆ ಲಕ್ಷಣ ಗೊತ್ತಾಗುತ್ತವೆ: ಬಣ್ಣ ಕಪ್ಪಾಗಿದೆ, ಅಂಟಂಟಾಗಿದೆ, ಕಾಯುವ ಮೊದಲೇ ಹೊಗೆ ಬರುತ್ತದೆ, ಮೇಲೆ ಸಣ್ಣ ನೊರೆ ನಿಲ್ಲುತ್ತದೆ. ಇದರಲ್ಲಿ ಒಂದು ಕಂಡರೂ ಬಿಸಾಡಬೇಕು. ಒಮ್ಮೆ ಮಾತ್ರ ಕರಿದ, ತಿಳಿಯಾಗಿಯೇ ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಎರಡು-ಮೂರು ದಿನದೊಳಗೆ ಒಗ್ಗರಣೆಗೆ ಬಳಸಬಹುದು. ಮತ್ತೆ ಕರಿಯಲು ಬೇಡ.

ಇನ್ನು ಗಡಿಯಾರ. ಹಬ್ಬದ ದಿನ ಪೂಜೆ, ನೈವೇದ್ಯ ಮುಗಿದು ಮಧ್ಯಾಹ್ನದ ಊಟ ಮೂರಕ್ಕೆ, ರಾತ್ರಿ ಊಟ ಹತ್ತಕ್ಕೆ, ಮಲಗುವುದು ಹನ್ನೆರಡಕ್ಕೆ. ತಿಂಗಳುಗಟ್ಟಲೆ ಹೀಗಾದರೆ ಮೈ ಅದನ್ನೇ ಹೊಸ ವೇಳೆ ಎಂದು ಒಪ್ಪಿಕೊಂಡಿರುತ್ತದೆ. ನಿದ್ದೆ ಕೆಟ್ಟವರಿಗೆ ಮರುದಿನ ಹಸಿವು ಹೆಚ್ಚು, ಅದರಲ್ಲೂ ಸಿಹಿ ಮತ್ತು ಕರಿದದ್ದರ ಕಡೆ ಸೆಳೆತ. ಊಟ ಸರಿಮಾಡುವ ಮೊದಲು ನಿದ್ದೆ ಸರಿಯಾಗಬೇಕು ಅನ್ನುವುದಕ್ಕೆ ಕಾರಣ ಇದೇ. ಬೇಗ ಮಲಗಿ ಇದನ್ನು ಸರಿಮಾಡಲು ಬರುವುದಿಲ್ಲ. ಒಂಬತ್ತೂವರೆಗೆ ಹಾಸಿಗೆ ಸೇರಿ ಹನ್ನೊಂದೂವರೆ ತನಕ ಮೊಬೈಲ್ ನೋಡುವುದಷ್ಟೇ ಆಗುತ್ತದೆ. ಏಳುವ ಹೊತ್ತನ್ನು ಹಿಡಿಯಬೇಕು. ದಿನಕ್ಕೆ 15–20 ನಿಮಿಷ ಮುಂಚೆ ಅಲಾರಂ, ಎದ್ದ ಕೂಡಲೇ ಅರ್ಧ ತಾಸು ಹೊರಗಿನ ಬೆಳಕು. ಜನವರಿಯಲ್ಲಿ ಕಲಬುರಗಿಯಲ್ಲಿ ಹೊತ್ತು ಹುಟ್ಟುವುದೇ ಏಳಕ್ಕೆ ಸ್ವಲ್ಪ ಮೊದಲು, ಹಾಗಾಗಿ ಏಳರಿಂದ ಏಳೂವರೆ ತನಕ ಮಾಳಿಗೆಯ ಮೇಲೆ ನಿಂತು ಹಲ್ಲುಜ್ಜಿ ಚಹಾ ಕುಡಿದರೂ ಸಾಕು. ರಾತ್ರಿಯ ನಿದ್ದೆ ತಾನೇ ಹಿಂದಕ್ಕೆ ಸರಿಯುತ್ತದೆ, ವಾರದಲ್ಲಿ ಒಂದೂವರೆ-ಎರಡು ತಾಸು.

ಚಹಾದ ಮಾತು ಬಂತು. ಚಹಾದಲ್ಲಿರುವ ಕೆಫೀನ್ ಐದು ತಾಸಾದರೂ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಕೊನೆಯ ಚಹಾ ಸಂಜೆ ನಾಲ್ಕೂವರೆಯೊಳಗೆ ಮುಗಿಯಲಿ. ಸಕ್ಕರೆಯ ಲೆಕ್ಕ ಇನ್ನೊಂದು: ಒಂದು ಚಮಚ 5 ಗ್ರಾಂ. ಎರಡು ಚಮಚದ ಆರು ಚಹಾ ಕುಡಿದರೆ 60 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ದಿನದ ಶಕ್ತಿಯ 10 ಶೇಕಡಾ, ಆದರೆ 5 ಶೇಕಡಾ ಒಳಗಿದ್ದರೆ ಒಳ್ಳೆಯದು. 2,000 ಕ್ಯಾಲೊರಿಯ ಊಟಕ್ಕೆ ಅದು 50 ಗ್ರಾಂ ಮತ್ತು 25 ಗ್ರಾಂ. ಚಹಾ ಒಂದರಲ್ಲೇ ಮಿತಿ ದಾಟಿದೆ, ಉಂಡಿ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ. ಒಮ್ಮೆಲೇ ಸಕ್ಕರೆ ಬಿಟ್ಟವರು ಸಾಮಾನ್ಯವಾಗಿ ವಾರದಲ್ಲಿ ಮರಳುತ್ತಾರೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ತಿಂಗಳಾದ ಮೇಲೆ ಹಳೆಯ ಎರಡು ಚಮಚದ ಚಹಾ ಪಾಯಸದಂತೆ ಅನ್ನಿಸುತ್ತದೆ. ಸಕ್ಕರೆ ಬದಲು ಬೆಲ್ಲ ಹಾಕಿಕೊಂಡು ನಿಶ್ಚಿಂತರಾಗುವವರಿಗೆ ಒಂದು ಮಾತು: ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ. ಸ್ವಲ್ಪ ಕಬ್ಬಿಣ, ಸ್ವಲ್ಪ ಖನಿಜ ಇದೆ ನಿಜ, ಆದರೆ ರಕ್ತದ ಸಕ್ಕರೆಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಭಜ್ಜಿಯನ್ನು ಇಟ್ಟುಕೊಳ್ಳಿ, ಹೋಳಿಗೆಯನ್ನು ಕಳಿಸಿಕೊಡಿ

ಎರಡನೆಯ ವಾರ ತಟ್ಟೆಗೆ ಬರಬಹುದು. ಓಟ್ಸ್, ಕ್ವಿನೋವಾ ಹುಡುಕಿಕೊಂಡು ಸೂಪರ್ ಮಾರ್ಕೆಟ್ ಸುತ್ತುವ ಅಗತ್ಯ ಈ ಭಾಗದವರಿಗಿಲ್ಲ. ಎಳ್ಳ ಅಮಾವಾಸ್ಯೆಯ ಊಟವನ್ನೇ ಎರಡು ಭಾಗ ಮಾಡಿದರೆ, ಒಂದು ಕಡೆ ಹೋಳಿಗೆ, ತುಪ್ಪ, ಕರಿದದ್ದು. ಇನ್ನೊಂದು ಕಡೆ ಭಜ್ಜಿ, ರೊಟ್ಟಿ, ಅಂಬಲಿ. ಈ ಎರಡನೆಯ ಭಾಗ ಯಾವ ಆಹಾರ ತಜ್ಞರು ಬರೆದುಕೊಡುವ ಚೀಟಿಗೂ ಕಡಿಮೆಯಿಲ್ಲ. ಹಬ್ಬ ಮುಗಿದ ಮೇಲೆ ನಾವು ಮಾಡುವುದು ಉಲ್ಟಾ: ಭಜ್ಜಿಯನ್ನು ಮುಂದಿನ ವರ್ಷಕ್ಕೆ ಬಿಟ್ಟು, ಹೋಳಿಗೆಯನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇವೆ. (ಭಜ್ಜಿಗೂ ಭಜಿಗೂ ಒಂದು ಒತ್ತಕ್ಷರದ ಅಂತರ ಅಷ್ಟೇ. ಹೊಟ್ಟೆಯಲ್ಲಿ ಆ ಅಂತರ ಬಹಳ.)

ಜನವರಿ, ಫೆಬ್ರವರಿಯಲ್ಲಿ ಹಸಿ ಕಾಳು ಇನ್ನೂ ಸಂತೆಯಲ್ಲಿರುತ್ತದೆ. ವಾರಕ್ಕೆ ಎರಡು ದಿನ ಮಾಡುವ, ನಾಲ್ಕು ಮಂದಿಯ ಭಜ್ಜಿಗೆ ಅಳತೆ ಹೀಗೆ: ಹಸಿ ತೊಗರಿ ಕಾಳು, ಹಸಿ ಕಡಲಿ, ಅವರೆ ಅಥವಾ ಬಟಾಣಿ ತಲಾ 100 ಗ್ರಾಂ, ಮೆಂತ್ಯೆ ಪಲ್ಯ ಸಣ್ಣ ಸಿವುಡು, ಪಾಲಕ್ ಒಂದು ಸಿವುಡು, ಉಳ್ಳಾಗಡ್ಡಿ ತಪ್ಪಲು ಒಂದು ಹಿಡಿ, ಗಜ್ಜರಿ ಎರಡು, ಬದನೆಕಾಯಿ ಎರಡು, ಕಡಲೆ ಹಿಟ್ಟು ಮೂರು ದೊಡ್ಡ ಚಮಚ, ಹಸಿಮೆಣಸಿನಕಾಯಿ-ಬೆಳ್ಳುಳ್ಳಿ ಕುಟ್ಟಿದ್ದು ಖಾರಕ್ಕೆ ತಕ್ಕಷ್ಟು, ಹುಣಸೆ ನೆಲ್ಲಿಕಾಯಿ ಗಾತ್ರ, ಉಪ್ಪು ಒಂದೂವರೆ ಚಮಚ, ಎಣ್ಣೆ ನಾಲ್ಕು ಸಣ್ಣ ಚಮಚ. ಮೊದಲು ಕಾಳನ್ನು ಮಾತ್ರ ಕುಕ್ಕರಿನಲ್ಲಿ ಎರಡು ಸೀಟಿ ಬೇಯಿಸಿ, ಆಮೇಲೆ ಕಾಯಿಪಲ್ಯ, ಕೊನೆಗೆ ಸೊಪ್ಪು. ಹುಣಸೆ ಹುಳಿಯನ್ನು ಮೊದಲೇ ಹಾಕಿದರೆ ಕಾಳು ಎಷ್ಟು ಹೊತ್ತು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ, ಏಕೆಂದರೆ ಹುಳಿಯಲ್ಲಿ ಕಾಳಿನ ಸಿಪ್ಪೆ ಮೆತ್ತಗಾಗುವುದಿಲ್ಲ. ಕಡಲೆ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಉರಿ ಸಣ್ಣ ಮಾಡಿ, ತಿರುವುತ್ತಾ ಸುರಿಯಬೇಕು. ಕುದಿಯುವುದರ ಮೇಲೆ ಒಣ ಹಿಟ್ಟು ಉದುರಿಸಿದರೆ ಗಂಟು ಗ್ಯಾರಂಟಿ. ಹಿಟ್ಟು ಬಿದ್ದ ಮೇಲೆ ಹತ್ತು ನಿಮಿಷ ಕುದಿಯದಿದ್ದರೆ ಹಸಿ ವಾಸನೆ ಹೋಗುವುದಿಲ್ಲ. ಮೆಂತ್ಯೆ ಹೆಚ್ಚಾದರೆ ಇಡೀ ಪಾತ್ರೆ ಕಹಿ. ಬೇಸಿಗೆಗೆ ಹಸಿ ಕಾಳು ಮುಗಿದಾಗ ಒಣ ಕಾಳು ರಾತ್ರಿ ನೆನೆಹಾಕಿ ಇದೇ ಕ್ರಮ.

ಒಂದು ಎಚ್ಚರಿಕೆ. ಮೂರು ತಿಂಗಳು ಮೈದಾ, ಅನ್ನದ ಮೇಲಿದ್ದ ಹೊಟ್ಟೆಗೆ ಒಮ್ಮೆಲೇ ಮೂರು ಬಗೆಯ ಕಾಳು ಸುರಿದರೆ ಗ್ಯಾಸ್ ತುಂಬಿ "ಕಾಳು ನನಗ ಆಗಿ ಬರಂಗಿಲ್ಲ" ಎಂದು ಬಿಟ್ಟುಬಿಡುವವರು ಬಹಳ. ಕಾಳಿನಲ್ಲಿರುವ ಕೆಲವು ಸಕ್ಕರೆಗಳು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ಗಾಳಿಯಾಗುತ್ತವೆ. ಮೊದಲ ವಾರ ಅರ್ಧ ಸೌಟು, ಮುಂದಿನ ವಾರ ಒಂದು ಸೌಟು. ಒಣ ಕಾಳಾದರೆ ಎಂಟು ತಾಸು ನೆನೆಸಿ ಆ ನೀರನ್ನು ಚೆಲ್ಲಬೇಕು. ನಾರಿನ ಅಂಶ ಹೆಚ್ಚಿದಂತೆ ನೀರೂ ಹೆಚ್ಚಬೇಕು. ಇಲ್ಲದಿದ್ದರೆ ನಾರೇ ಮಲಬದ್ಧತೆಗೆ ಕಾರಣವಾಗುತ್ತದೆ.

ಅಂಬಲಿ ಇನ್ನೂ ಸುಲಭ. ಮೂರು ದೊಡ್ಡ ಚಮಚ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಮುಕ್ಕಾಲು ಲೀಟರ್ ಕುದಿಯುವ ನೀರಿಗೆ ಹಾಕಿ ಏಳೆಂಟು ನಿಮಿಷ ಬೇಯಿಸಿ, ಪೂರ್ತಿ ಆರಿದ ಮೇಲೆ ಎರಡು ಲೋಟ ಮಜ್ಜಿಗೆ, ಜೀರಿಗೆ, ಕುಟ್ಟಿದ ಬೆಳ್ಳುಳ್ಳಿ, ಚಿಟಿಕೆ ಉಪ್ಪು. ಬಿಸಿಯಿದ್ದಾಗಲೇ ಮಜ್ಜಿಗೆ ಬಿಟ್ಟರೆ ಒಡೆಯುತ್ತದೆ. ಸಂಜೆ ಐದರ ಹಸಿವಿಗೆ, ಅಂದರೆ ಉಂಡಿಯ ಡಬ್ಬಿ ನೆನಪಾಗುವ ಹೊತ್ತಿಗೆ, ಒಂದು ಲೋಟ ಸಾಕು.

ರೊಟ್ಟಿಯ ಬಗ್ಗೆ ಒಂದು ಭ್ರಮೆ ಬೇರೂರಿದೆ: ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ, ಸಕ್ಕರೆ ಕಾಯಿಲೆಯವರಿಗಂತೂ ಔಷಧಿ. ಒಂದು ದೊಡ್ಡ ರೊಟ್ಟಿಗೆ 60 ಗ್ರಾಂ ಹಿಟ್ಟು, ಸುಮಾರು 200 ಕ್ಯಾಲೊರಿ. ನಾರು ಹೆಚ್ಚು, ಅಗಿಯಬೇಕಾಗುತ್ತದೆ, ಮೈದಾಕ್ಕಿಂತ ಎಷ್ಟೋ ಮೇಲು; ಆದರೆ ಐದು ರೊಟ್ಟಿ ಅಂದರೆ ಸಾವಿರ ಕ್ಯಾಲೊರಿಯೇ. ಅಜ್ಜ ಐದು ರೊಟ್ಟಿ ಬೆಣ್ಣೆ ಹಚ್ಚಿ ತಿಂದು ಎಂಬತ್ತು ವರ್ಷ ಬದುಕಿದ ಮಾತು ಪ್ರತಿ ಮನೆಯಲ್ಲೂ ಇದೆ. ಅಜ್ಜ ತಿಂದ ಮೇಲೆ ಹೊಲಕ್ಕೆ ನಡೆದುಹೋಗಿ ಕುಂಟೆ ಹೊಡೆಯುತ್ತಿದ್ದ. ಈಗಲೂ ಹೊಲದಲ್ಲಿ ದುಡಿಯುವವರಿಗೆ ಈ ಲೇಖನದ ಲೆಕ್ಕ ಅನ್ವಯಿಸುವುದಿಲ್ಲ. ಇದು ಕುರ್ಚಿಯ ಮೇಲೆ ಎಂಟು ತಾಸು ಕೂರುವವರದು. ಅಂಥವರಿಗೆ ಹೊತ್ತಿಗೆ ಎರಡು ರೊಟ್ಟಿ ಸಾಕು. ತಟ್ಟೆಗೆ ಬರುವ ಮೊದಲೇ ಎಣಿಸಿಟ್ಟುಕೊಳ್ಳಬೇಕು, ಬಿಸಿ ಬಿಸಿ ಬಡಿಯುತ್ತಾ ಬಂದರೆ ಎಣಿಕೆ ತಪ್ಪುತ್ತದೆ.

ತಿನ್ನುವ ಕ್ರಮಕ್ಕೂ ಬೆಲೆಯಿದೆ. ಹಸಿ ಉಳ್ಳಾಗಡ್ಡಿ, ಗಜ್ಜರಿ, ಹಸಿ ಮೆಂತ್ಯೆ, ಹಕ್ಕರಿಕಿ, ಸೌತಿಕಾಯಿ ಇಟ್ಟುಕೊಂಡು ಉಣ್ಣುವುದು ನಮ್ಮ ಪದ್ಧತಿಯೇ. ಅವನ್ನು ಮೊದಲ ಐದು ನಿಮಿಷದಲ್ಲಿ ತಿಂದು, ಆಮೇಲೆ ಬ್ಯಾಳಿ-ಪಲ್ಯದ ಜೊತೆ ರೊಟ್ಟಿ, ಕೊನೆಗೆ ಬೇಕಿದ್ದರೆ ಒಂದು ಹಿಡಿ ಅನ್ನ-ಮಜ್ಜಿಗೆ. ನಾರು ಮತ್ತು ಪ್ರೋಟೀನ್ ಮೊದಲು ಹೋದರೆ ಹಿಂದೆ ಬರುವ ಹಿಟ್ಟಿನ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ.

ಪ್ರೋಟೀನಿನ ಲೆಕ್ಕ ಬೇಗ ಮುಗಿಸೋಣ. ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋದವರಿಗೆ 50 ಗ್ರಾಂ. ನಾಲ್ಕು ರೊಟ್ಟಿಯಲ್ಲಿ 24, ಒಬ್ಬರ ಪಾಲಿನ 30 ಗ್ರಾಂ ತೊಗರಿ ಬ್ಯಾಳಿಯಲ್ಲಿ 6–7, ಅಷ್ಟೇ ಕಡಲಿಯಲ್ಲಿ 6, ಒಂದು ಬಟ್ಟಲು ಮೊಸರಲ್ಲಿ 6, ಹಿಡಿ ಶೇಂಗಾದಲ್ಲಿ 5. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ತೊಗರಿ ಬೇಳೆ ಬೆಳೆಯುವ ಕಲಬುರಗಿ ಜಿಲ್ಲೆಯಲ್ಲಿ ಕುಳಿತು ಡಬ್ಬಿ ಪ್ರೋಟೀನ್ ಪುಡಿ ಕೊಳ್ಳುವುದು ಯಾಕೆಂದು ಗೊತ್ತಾಗುವುದಿಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಒಳ್ಳೆಯವೇ, ಎರಡು ಚಮಚದ ತನಕ. ಅದಕ್ಕಿಂತ ಹೆಚ್ಚಾದರೆ ಎಣ್ಣೆ ಸುರಿದುಕೊಳ್ಳುವುದೂ ಸೇರಿ ಒಂದು ರೊಟ್ಟಿಯಷ್ಟು ಕ್ಯಾಲೊರಿ ತಟ್ಟೆಯ ಮೂಲೆಯಲ್ಲೇ ಕೂತಿರುತ್ತದೆ, ಉಪ್ಪು ಬೇರೆ.

ಕಾಲಿಗೆ ಕೆಲಸ, ಬಿಸಿಲು ಬರುವ ಮೊದಲು

ಮೂರನೆಯ ವಾರದಿಂದ ನಡಿಗೆ. ಇದಕ್ಕೆ ನಮ್ಮಲ್ಲಿ ಗಡುವೊಂದಿದೆ. ಸಂಕ್ರಾಂತಿಯಿಂದ ಶಿವರಾತ್ರಿ ತನಕದ ತಂಪು ಬೆಳಗು ಕಳೆದುಹೋದರೆ ಮಾರ್ಚಿನಿಂದ ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತದೆ, ಏಪ್ರಿಲ್-ಮೇನಲ್ಲಿ ಪಾರಾ 42 ಡಿಗ್ರಿ ದಾಟುತ್ತದೆ. ಬೇಸಿಗೆಯಲ್ಲಿ ಹೊಸದಾಗಿ ನಡಿಗೆ ಶುರು ಮಾಡಿ ನಿಲ್ಲಿಸದವರು ಕಡಿಮೆ. ಫೆಬ್ರವರಿಯಲ್ಲಿ ರೂಢಿಯಾದವರು ಬೇಸಿಗೆಗೆ ಹೊತ್ತನ್ನು ಐದೂವರೆಗೆ ಸರಿಸಿಕೊಂಡು ಮುಂದುವರಿಸುತ್ತಾರೆ.

ಮೊದಲ ಹೆಜ್ಜೆ ಬೆಳಗಿನದಾಗಿರಬೇಕಿಲ್ಲ. ರಾತ್ರಿ ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ಓಣಿಯಲ್ಲಿ ನಿಧಾನ ಅಡ್ಡಾಡುವುದು ಸಾಕು. ಊಟದ ನಂತರ ಏರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಆಗಲೇ ಎಳೆದುಕೊಳ್ಳುತ್ತವೆ. ವಾರದ ನಂತರ ಬೆಳಿಗ್ಗೆ ಅಪ್ಪನ ಕೆರೆಯ ಸುತ್ತಲೋ ಪಬ್ಲಿಕ್ ಗಾರ್ಡನ್‌ನಲ್ಲೋ 20 ನಿಮಿಷ; ಬೀದರಿನವರಿಗೆ ಕೋಟೆಯಿದೆ, ತಾಲ್ಲೂಕಿನವರಿಗೆ ಯಾವುದಾದರೂ ಶಾಲೆಯ ಮೈದಾನ. ವೇಗ ನಿಮಿಷಕ್ಕೆ ನೂರು ಹೆಜ್ಜೆಯಿರಲಿ. ಎಣಿಸಲು ಬೇಸರವಾದರೆ ಬಾಯಿಂದ ತಿಳಿಯುತ್ತದೆ: ಮಾತಾಡಲು ಬರಬೇಕು, ಹಾಡಲು ಬರಬಾರದು. ಮಾತಾಡಲೂ ಆಗದಿದ್ದರೆ ವೇಗ ಹೆಚ್ಚಾಗಿದೆ. ಜೊತೆಗಾರರ ಜೊತೆ ರಾಜಕೀಯ ಚರ್ಚಿಸುತ್ತಾ ಆರಾಮಾಗಿ ಸಾಗಿದ್ದರೆ ಅದು ನಡಿಗೆಯ ಲೆಕ್ಕಕ್ಕೆ ಬರುವುದಿಲ್ಲ, ಮುಗಿದ ಮೇಲೆ ಗೇಟಿನ ಹೊರಗೆ ತಿನ್ನುವ ಭಜಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ವಾರಕ್ಕೆ ಒಟ್ಟು 150 ನಿಮಿಷ ಮುಟ್ಟುವುದು ಗುರಿ. ಅಲ್ಲಿಗೆ ಸೇರಲು ತಿಂಗಳು ಹಿಡಿದರೂ ಸರಿಯೇ.

ಮೊದಲು ಅಭ್ಯಾಸವಿದ್ದು ಮೂರು ತಿಂಗಳು ಬಿಟ್ಟವರೇ ಹೆಚ್ಚು ಪೆಟ್ಟು ಮಾಡಿಕೊಳ್ಳುವುದು. ದಮ್ಮು, ಸ್ನಾಯು ಬೇಗ ಮರಳುತ್ತವೆ; ಸ್ನಾಯುವನ್ನು ಎಲುಬಿಗೆ ಕಟ್ಟಿದ ಸ್ನಾಯುರಜ್ಜುಗಳು ನಿಧಾನ. ಹಿಮ್ಮಡಿ, ಮೊಣಕಾಲು ಹಿಡಿಯುವುದು ಅದಕ್ಕೇ. ಹಳೆಯ ದೂರದ ಅರ್ಧದಿಂದ ಶುರು ಮಾಡಿ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಬೇಕು. ಮರುದಿನ, ಮೂರನೆಯ ದಿನ ಎರಡೂ ಕಾಲಿನ ಮಾಂಸಖಂಡ ನೋಯುವುದು ಸಹಜ. ಒಂದೇ ಕೀಲಿನಲ್ಲಿ ಚುಚ್ಚುವ ನೋವು, ಬಾವು ಬಂದರೆ ನಿಲ್ಲಿಸಬೇಕು. ಎದೆ ಹಿಡಿದಂತಾಗುವುದು, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಕಂಡರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ವಾರಕ್ಕೆ ಎರಡು ದಿನ ಮನೆಯಲ್ಲೇ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ಹತ್ತು ಸಲ ತಳ್ಳುವುದು, ಎರಡು ಸುತ್ತು. ಇದಕ್ಕೆ ಜಿಮ್ ಬೇಡ.

ಬಿಪಿ, ಶುಗರ್ ಇದ್ದವರು ಮೊದಲು ಇದನ್ನು ಓದಿ

ಹಬ್ಬದಲ್ಲಿ ತಿಂದದ್ದನ್ನು ಎರಡು ದಿನ ಉಪವಾಸ ಮಾಡಿ ತೀರಿಸುತ್ತೇನೆ ಅನ್ನುವುದು ಸಕ್ಕರೆ ಕಾಯಿಲೆಯವರಿಗೆ ಅಪಾಯ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ 70ರ ಕೆಳಗೆ ಕುಸಿದು ನಡುಕ, ಬೆವರು, ಕಣ್ಣು ಮಂಜು, ಪ್ರಜ್ಞೆ ತಪ್ಪುವುದು. ಲಕ್ಷಣ ಕಂಡ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ. ಆ ಹೊತ್ತಿಗೆ ಉಂಡಿ ತಿನ್ನುವುದು ಸರಿಯಲ್ಲ, ತುಪ್ಪದಿಂದಾಗಿ ಸಕ್ಕರೆ ರಕ್ತಕ್ಕೆ ಇಳಿಯುವುದು ತಡವಾಗುತ್ತದೆ. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಶಿವರಾತ್ರಿಯ ಉಪವಾಸ ಹಿಡಿಯುವವರು ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಬೇಕೇ ಎಂದು ಒಂದು ವಾರ ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು. ಆ ದಿನದ ಸಾಬುದಾಣಿ ಖಿಚಡಿ ಹಗುರ ಆಹಾರವೆಂದು ತಿಳಿಯುವುದೂ ಬೇಡ. ಸಾಬುದಾಣಿ ಪೂರ್ತಿ ಪಿಷ್ಟ, ಅನ್ನಕ್ಕಿಂತ ಬೇಗ ಸಕ್ಕರೆಯಾಗುತ್ತದೆ.

ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಹೇಳುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನ ಅದಕ್ಕೆ ಅಂಟಿದ ಸಕ್ಕರೆಯನ್ನೇ ಅಳೆಯುವುದು. ಜನವರಿ ಕೊನೆಗೆ ಮಾಡಿಸಿದರೆ ಅದರಲ್ಲಿ ದೀಪಾವಳಿಯ ನಂತರದ್ದೆಲ್ಲ ಇರುತ್ತದೆ. ಆ ಅಂಕಿ ಏರಿದ್ದು ಕಂಡು ತಾವಾಗಿ ಮಾತ್ರೆ ಹೆಚ್ಚಿಸಿಕೊಳ್ಳಬಾರದು, ಪರೀಕ್ಷೆ ತಪ್ಪಿಸಿಕೊಳ್ಳಲೂ ಬಾರದು. ವೈದ್ಯರಿಗೆ ತೋರಿಸಿ, ಮೂರು ತಿಂಗಳ ನಂತರ ಮತ್ತೊಂದು ಮಾಡಿಸಿದರೆ ಈ ದಿನಗಳ ಫಲ ಅದರಲ್ಲಿ ಕಾಣುತ್ತದೆ. ಬಿಪಿಯವರಿಗೆ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂ, ಮಟ್ಟಸವಾಗಿ ಒಂದು ಸಣ್ಣ ಚಮಚ, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ.

ರೂಢಿ ನಿಲ್ಲುವುದು ಯಾವಾಗ?

21 ದಿನ ಮಾಡಿದರೆ ರೂಢಿಯಾಗುತ್ತದೆ ಅನ್ನುವ ಮಾತು ವಾಟ್ಸಾಪಿನಲ್ಲಿ ಹರಿದಾಡುತ್ತಲೇ ಇರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಯನ್ನು 12 ವಾರ ಗಮನಿಸಿದಾಗ, ಹೊಸ ಕೆಲಸವೊಂದು ಯೋಚಿಸದೆ ತಾನಾಗಿ ಆಗುವಷ್ಟು ರೂಢಿಯಾಗಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18, ಕೆಲವರಿಗೆ 254 ಎಂಬ ಅಂದಾಜು. ಅದರಲ್ಲೇ ತಿಳಿದ ಇನ್ನೊಂದು ಸಂಗತಿ ನಮಗೆ ಹೆಚ್ಚು ಉಪಯೋಗದ್ದು: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಸಂಕ್ರಾಂತಿ ಮುಗಿದ ವಾರ ಶುರು ಮಾಡಿದರೆ 66ನೆಯ ದಿನ ಯುಗಾದಿಯ ಆಸುಪಾಸು ಬರುತ್ತದೆ.

ಹೊಸ ಕೆಲಸವನ್ನು ಮೊದಲೇ ಇರುವ ಕೆಲಸಕ್ಕೆ ಗಂಟು ಹಾಕಿದರೆ ನಿಲ್ಲುತ್ತದೆ. "ದಿನಾ ನಡೀತೀನಿ" ಅನ್ನುವುದಕ್ಕೆ ಹಿಡಿಕೆಯಿಲ್ಲ. "ರಾತ್ರಿ ಉಂಡ ತಟ್ಟೆ ತೊಳೆದಿಟ್ಟ ಕೂಡಲೇ ಚಪ್ಪಲಿ ಮೆಟ್ಟಿಕೊಳ್ತೀನಿ" ಅನ್ನುವುದಕ್ಕೆ ಇದೆ. ಹಾಗೆಯೇ ಹಾಲು ತರಲು ಹೋಗುವ ದಾರಿಯನ್ನೇ ಎರಡು ಓಣಿ ಉದ್ದ ಮಾಡಿಕೊಳ್ಳುವುದು, ಮೊದಲ ಚಹಾದ ಮುಂಚೆ ಕುರ್ಚಿ ವ್ಯಾಯಾಮ ಮುಗಿಸುವುದು.

ಈ 66 ದಿನದ ನಡುವೆ ಹತ್ತು ಲಗ್ನ, ಎರಡು ಜವಳ, ಒಂದು ಗೃಹಪ್ರವೇಶ ಬಂದೇ ಬರುತ್ತವೆ, ಹೋಳಿಯಾದ ಮೇಲೆ ಶರಣಬಸವೇಶ್ವರರ ಜಾತ್ರೆ, ಜಾತ್ರೆಯಲ್ಲಿ ಬಿಸಿ ಜಿಲೇಬಿ. ಲಗ್ನದ ಮನೆಗೆ ಹಸಿದು ಹೋಗುವುದೇ ದೊಡ್ಡ ತಪ್ಪು. ಹೊರಡುವ ಮುನ್ನ ಒಂದು ಲೋಟ ಅಂಬಲಿಯೋ ಮಜ್ಜಿಗೆಯೋ ಕುಡಿದಿರಬೇಕು. ಅಲ್ಲಿ ಒಂದು ಸಿಹಿಯನ್ನು ಆರಿಸಿ, ಮೆಚ್ಚಿ ತಿಂದು, ಬೀಗರು ಎರಡನೆಯದನ್ನು ಬಡಿಸಲು ಬಂದಾಗ ಕೈ ಅಡ್ಡ ಹಿಡಿಯುವ ಬದಲು ಎಲೆಯ ಮೇಲೆ ಅರ್ಧ ಹೋಳಿಗೆ ಉಳಿಸಿಕೊಂಡಿದ್ದರೆ "ಇನ್ನೂ ಅದ ನೋಡ್ರೀ" ಎಂದು ತೋರಿಸಬಹುದು. ಒತ್ತಾಯ ಅಲ್ಲಿಗೆ ಮುಗಿಯುತ್ತದೆ. ಹೊರಡುವಾಗ ಬೀಗರು ಕೈಗೆ ಕೊಡುವ ಬುಂದಿ ಉಂಡಿಯ ಪೊಟ್ಟಣವನ್ನು ಮನೆಗೆ ಒಯ್ಯದೆ ಆಟೋದವರಿಗೆ ಕೊಟ್ಟರೆ, ಖಾಲಿ ಮಾಡಿಟ್ಟ ಡಬ್ಬಿ ಖಾಲಿಯೇ ಉಳಿಯುತ್ತದೆ.